ಕಾಮ್ರೇಡ್ ತೆಲ್ತಾಯೆವ್‌ನ ಕೋಲು ಚಿಗುರಿದ್ದು

ಇಮಾನ್‌ಕುಲ್ ತೆಲ್ತಾಯೆವ್ ಮೂವತ್ತು ವರ್ಷ ದೇವರಿಲ್ಲವೆಂದು ಹೇಳಿ ಹೊಟ್ಟೆ ಹೊರೆದವನು. ಕಿರ್ಗಿಜರ ತಲಾಸ್ ಕಣಿವೆಯ ಊರೂರಿಗೆ ಹೋಗಿ, ಕ್ಲಬ್ಬಿನ ಕಬ್ಬಿಣದ ಒಲೆಯ ಪಕ್ಕ ನಿಂತು, ಎರಡೂ ಕೈ ಬೀಸುತ್ತ, ಆಕಾಶಕ್ಕೆ ಹಾರಿ ಬಂದವರು ಅಲ್ಲಿ ಯಾರನ್ನೂ ಕಾಣಲಿಲ್ಲವೆಂದು ಭಾಷಣ ಮಾಡುವುದು ಅವನ ಸರ್ಕಾರಿ ಕೆಲಸವಾಗಿತ್ತು. ಹೆಸರಿನ ಅರ್ಥ ಮಾತ್ರ ‘ನಂಬಿಕೆಯ ದಾಸ’ ಎಂದು. ಹೆಸರು ಬದಲಾಯಿಸಿಕೋ ಎಂದು ಜಿಲ್ಲಾ ಸಮಿತಿಯ ಕಾರ್ಯದರ್ಶಿ ಒಮ್ಮೆ ಸೂಚಿಸಿದ್ದ. ಇಟ್ಟವಳು ನಮ್ಮಜ್ಜಿ, ಬೇಕಾದರೆ ನೀವೇ ಹೋಗಿ ಹೇಳಿ ಎಂದಿದ್ದ ಇಮಾನ್‌ಕುಲ್. ಆ ಅಜ್ಜಿಯನ್ನು ಒಮ್ಮೆ ಕಂಡಿದ್ದ ಕಾರ್ಯದರ್ಶಿ ಕಡತ ಮುಚ್ಚಿಬಿಟ್ಟ.

ದೇವರಿಲ್ಲ ಎನ್ನಬೇಕಾದರೆ ದೇವರ ಪುಸ್ತಕ ಚೆನ್ನಾಗಿ ಗೊತ್ತಿರಬೇಕು. ಇಮಾನ್‌ಕುಲ್ ಬೈಬಲ್ಲನ್ನು ಒಂಬತ್ತು ಸಲ ಓದಿದ್ದ. ಅಂಚಿನ ತುಂಬ ಕೆಂಪು ಪೆನ್ಸಿಲಿನ ಗುರುತು. ಯಾವ ರಾಜನ ಮಗ ಯಾರು, ನೋಹನ ಹಡಗು ಎಷ್ಟು ಮೊಳ, ಒಂದೇ ಕಥೆಯನ್ನು ಎರಡು ಕಡೆ ಎರಡು ಬಗೆಯಾಗಿ ಏಕೆ ಹೇಳಿದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವನ ಊರಾದ ಅಕ್-ತೆರೆಕ್‌ನ ಭಕ್ತರಲ್ಲಿ ಅಷ್ಟು ಓದಿದವರು ಇನ್ನೊಬ್ಬರಿರಲಿಲ್ಲ.

ಆಮೇಲೆ ಒಂದು ಚಳಿಗಾಲದಲ್ಲಿ ಮಾಸ್ಕೋದಲ್ಲಿ ಕೆಂಪು ಬಾವುಟ ಇಳಿಯಿತು. ಕ್ಲಬ್ಬಿನಲ್ಲಿ ಆಲೂಗಡ್ಡೆ ತುಂಬಿಟ್ಟರು. “ಇಲ್ಲ ಇಲ್ಲ ಅಂತಿದ್ದ ದೇವರು ಹಾಗೇ ಉಳ್ಕೊಂಡ. ಇದೆ ಇದೆ ಅಂತಿದ್ದ ಸರ್ಕಾರ ಹೋಯ್ತು,” ಎಂದು ಹೆಂಡತಿ ಬುರುಲ್ಚಾ ಚಹಾ ಬಗ್ಗಿಸುತ್ತ ಹೇಳುತ್ತಿದ್ದಳು. ಊರಿನವರು ಈಗಲೂ ಅವನನ್ನು ‘ಅಗಾಯ್’, ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಿದ್ದರೇ ಹೊರತು ಕೇಳುವುದಕ್ಕೆ ಯಾರೂ ಕೂರುತ್ತಿರಲಿಲ್ಲ. ಉಳಿದಿದ್ದದ್ದು ಒಂದು ಆಕ್ರೋಡು ಮರದ ಊರುಗೋಲು. ಅದರ ಹಿಡಿಯ ಕೆಳಗೆ ಹಿತ್ತಾಳೆಯ ಬಳೆ, ಬಳೆಯ ಮೇಲೆ ಕೊರೆದ ಅಕ್ಷರ: ‘ಕಾಮ್ರೇಡ್ ಇ. ತೆಲ್ತಾಯೆವ್‌ಗೆ, ಮೂಢನಂಬಿಕೆಯ ವಿರುದ್ಧದ ದಣಿವರಿಯದ ಹೋರಾಟಕ್ಕಾಗಿ, 1977.’

ಮಾತಿಗೆ ಸಿಗುತ್ತಿದ್ದವನು ಒಬ್ಬನೇ, ಜೇನು ಸಾಕುವ ಜರ್ಮನ್ ಕೊರ್ನೆಲಿಯುಸ್ ವಿಬೆ. ಅವನೂ ಇಮಾನ್‌ಕುಲ್‌ನೂ ಒಂದೇ ವಯಸ್ಸಿನವರು. ಹಿಂದೆ ಕೊರ್ನೆಲಿಯುಸ್ ಟ್ರ್ಯಾಕ್ಟರ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಇಮಾನ್‌ಕುಲ್ ಜಿಲ್ಲಾ ಪತ್ರಿಕೆಯಲ್ಲಿ ‘ಸ್ಪ್ಯಾನರು ಹಿಡಿದ ಕೈಯಲ್ಲೇ ಪ್ರಾರ್ಥನೆ’ ಎಂದು ಅವನ ಮೇಲೆ ಒಂದು ಲೇಖನ ಬರೆದ. ಅದರಿಂದ ಆ ಕೆಲಸ ಹೋಗಿ, ಯಾರಿಗೂ ಬೇಡದ ಜೇನುಗೂಡುಗಳ ಪಾಲಿಗೆ ಅವನನ್ನು ತಳ್ಳಿದರು. ಅಂದಿನಿಂದ ಪ್ರತಿ ಶರತ್ಕಾಲ ಇಮಾನ್‌ಕುಲ್‌ನ ಮನೆಗೆ ಒಂದು ಜಾಡಿ ಜೇನು ಬರುತ್ತಿತ್ತು. ಇಮಾನ್‌ಕುಲ್ ಅದನ್ನು ಧಾರ್ಮಿಕ ಪ್ರಚಾರವೆಂದು ಅರ್ಥೈಸಿದ. ಬುರುಲ್ಚಾ ಜೇನು ಎಂದು ಅರ್ಥೈಸಿ ಬ್ರೆಡ್ಡಿಗೆ ಹಚ್ಚಿಕೊಂಡಳು.

ತೊಂಬತ್ತನಾಲ್ಕರ ವಸಂತದ ಹೊತ್ತಿಗೆ ತಾತನ ಕಾಲದಿಂದ ಊರಿನಲ್ಲಿದ್ದ ಜರ್ಮನರಲ್ಲಿ ಹೆಚ್ಚಿನವರು ಗಂಟುಮೂಟೆ ಕಟ್ಟಿ ಜರ್ಮನಿಗೆ ಹೊರಟುಬಿಟ್ಟಿದ್ದರು. ಕಾಲುವೆಯ ಆಚೆ ದಡದಲ್ಲಿದ್ದ ಬ್ಯಾಪ್ಟಿಸ್ಟ್ ಕ್ರೈಸ್ತರ ಪ್ರಾರ್ಥನಾ ಮನೆಯ ಹಿರಿಯನೂ, ಅಂದರೆ ಸಭೆ ನಡೆಸುವವನೂ, ಹೋಗಿದ್ದ. ಉಳಿದವರು ಎರಡು ಜರ್ಮನ್ ಮನೆಯವರು, ಕೆಲವು ರಷ್ಯನ್ ಮುದುಕಿಯರು, ಹೊಸದಾಗಿ ಸೇರಿದ ನಾಲ್ಕಾರು ಕಿರ್ಗಿಜರು. ಹೊಸ ಹಿರಿಯ ಯಾರಾಗಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ. ಒಂದು ಕಡೆ ಕೊರ್ನೆಲಿಯುಸ್. ಬರೆದದ್ದು ಬರೆದ ಹಾಗೆ ಎಂಬುದು ಅವನ ಮತ. ಏಳು ಎಂದಿದ್ದರೆ ಏಳು, ಆರೂಮುಕ್ಕಾಲೂ ಅಲ್ಲ. ಇನ್ನೊಂದು ಕಡೆ ವೆಲ್ಡಿಂಗ್ ಕೆಲಸದ ಸಪರಾಲಿ, ಮೂವತ್ತೈದರ ಕಿರ್ಗಿಜ. ಅವನಿಗೆ ಎಲ್ಲದರಲ್ಲೂ ದೇವರ ಸೂಚನೆ. ಗ್ಯಾಸ್ ಮುಗಿದರೆ ದೇವರು ವಿಶ್ರಾಂತಿ ತಗೋ ಎಂದ ಹಾಗೆ. ಕುದುರೆ ಸೀನಿದರೆ ಆವತ್ತು ಪೇಟೆಗೆ ಹೋಗಬಾರದು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಇಮಾನ್‌ಕುಲ್ ಪ್ರಾರ್ಥನಾ ಮನೆಯ ಎದುರು ಕಾಲುವೆಯ ದಂಡೆಯಲ್ಲಿ ಕೊರ್ನೆಲಿಯುಸ್‌ನನ್ನು ತಡೆದು ನಿಲ್ಲಿಸಿದ. ಯೆಹೋಶುವ ಯುದ್ಧ ಮುಗಿಯುವ ತನಕ ಸೂರ್ಯನನ್ನು ನಿಲ್ಲಿಸಿದನೆಂಬ ಕಥೆ ಅವನಿಗೆ ರಾತ್ರಿಯೆಲ್ಲ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಾಡಿತ್ತು.

“ಸೂರ್ಯ ನಿಂತ ಅಂತ ಬರೆದಿದೆ. ನಿಂತ,” ಎಂದ ಕೊರ್ನೆಲಿಯುಸ್.

“ಓಡ್ತಾ ಇರೋದು ತಾನೆ ನಿಲ್ಲೋದು? ಓಡೋದು ಭೂಮಿ ಕಣಯ್ಯ.”

“ಹಾಗಾದ್ರೆ ಭೂಮಿ ನಿಂತಿತು.”

“ಭೂಮಿ ಗಕ್ಕನೆ ನಿಂತಿದ್ರೆ ನಿನ್ನ ಜೇನುಗೂಡೆಲ್ಲ ಎಗರಿ ಕಜಕಿಸ್ತಾನದಲ್ಲಿ ಬೀಳ್ತಿತ್ತು.”

ಕೊರ್ನೆಲಿಯುಸ್ ಸ್ವಲ್ಪ ಯೋಚಿಸಿದ. “ಅದಕ್ಕೇ ಮೆಲ್ಲಗೆ ಬ್ರೇಕ್ ಹಾಕಿದಾನೆ. ಓಡಿಸೋನು ಒಳ್ಳೇ ಡ್ರೈವರ್ರು.”

ಇದಕ್ಕೆ ಉತ್ತರಿಸಲು ಎರಡು ಕೈಯೂ ಬೇಕಾಯಿತು. ಇಮಾನ್‌ಕುಲ್ ಕೋಲನ್ನು ದಂಡೆಯ ಕೆಸರಿಗೆ ಚುಚ್ಚಿ ನಿಲ್ಲಿಸಿ, ಒಂದು ಮುಷ್ಟಿಯನ್ನು ಸೂರ್ಯ ಮಾಡಿ ಇನ್ನೊಂದನ್ನು ಅದರ ಸುತ್ತ ತಿರುಗಿಸಿದ. ಭೂಮಿ ನಾಲ್ಕು ಸುತ್ತು ಬರುವುದರೊಳಗೆ ಆಲಿಕಲ್ಲಿನ ಮಳೆ ಸುರಿಯತೊಡಗಿತು. “ನೆನೀತೀರಿ ಅಗಾಯ್, ಒಳಗೆ ಬನ್ನಿ,” ಎಂದು ಕೊರ್ನೆಲಿಯುಸ್ ಪ್ರಾರ್ಥನಾ ಮನೆಯ ಬಾಗಿಲು ತೆರೆದ. ಅದು ಇಮಾನ್‌ಕುಲ್‌ಗೆ ಅವಮಾನವಾಗಿ ಕಂಡಿತು. ತಿರುಗಿ ಬಿರಬಿರನೆ ನಡೆದವನು ತನ್ನ ಮನೆಯ ಮೆಟ್ಟಿಲಲ್ಲೇ ಜಾರಿ ಸೊಂಟ ಉಳುಕಿಸಿಕೊಂಡ. ಆರು ವಾರ ಕಂಬಳಿಯ ಮೇಲೆ ಮಲಗಿದ್ದ. ಕೋಲಿನ ನೆನಪು ಮಾರನೆಯ ದಿನವೇ ಬಂತು. ಆದರೆ ಪ್ರಾರ್ಥನಾ ಮನೆಯ ಬಾಗಿಲಿಗೆ ಆಳು ಕಳಿಸಿ ಕೋಲು ತರಿಸಿಕೊಳ್ಳುವುದೆಂದರೆ ಸೋತ ಹಾಗೆ. ಸುಮ್ಮನಾದ. ಬುರುಲ್ಚಾ ಕೂಡ ವಿಚಿತ್ರವಾಗಿ ಆ ಸುದ್ದಿ ಎತ್ತಲಿಲ್ಲ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಪೆಲಗೇಯ ಬೇಲಿಯ ಮೇಲಿಂದ ತಲೆ ಹಾಕಿದಳು. ಅವಳು ರಷ್ಯನ್ ವಿಧವೆ. ಭಾನುವಾರ ಬಸ್ಸು ಹತ್ತಿ ಪೇಟೆಯ ಆರ್ಥಡಾಕ್ಸ್ ಗುಡಿಗೆ ಹೋಗುವವಳು. ಮನೆಯಲ್ಲಿ ಒಲೆಯ ಹಿಂದಿನ ಮನೆಭೂತಕ್ಕೂ ಒಂದು ಲೋಟ ಹಾಲು ಇಡುತ್ತಿದ್ದಳು.

“ಇಮಾನ್‌ಕುಲ್, ನಿಮ್ಮ ಕೋಲು ಎಲೆ ಬಿಟ್ಟಿದೆ,” ಎಂದಳು, ನಿಮ್ಮ ಹಸು ನಮ್ಮ ಹಿತ್ತಲಿಗೆ ಬಂದಿದೆ ಎನ್ನುವ ಧಾಟಿಯಲ್ಲಿ.

“ಏನು ಬಿಟ್ಟಿದೆ?”

“ಎಲೆ. ಹಸುರಾಗಿ. ನಾನು ಯಾವುದಕ್ಕೂ ಇರಲಿ ಅಂತ ಶಿಲುಬೆ ಗುರುತು ಹಾಕಿ ಬಂದೆ. ದೇವರದ್ದಾದ್ರೆ ಸಂತೋಷ. ದೆವ್ವದ್ದಾದ್ರೆ ಓಡಿಹೋಗತ್ತೆ. ಓಡಿಲ್ಲ, ಇನ್ನೂ ಅಲ್ಲೇ ಇದೆ.”

ಇಮಾನ್‌ಕುಲ್ ಹೆಂಡತಿಯ ಹೆಗಲು ಹಿಡಿದು ಕಾಲುವೆಯವರೆಗೆ ನಡೆದ. ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಕೋಲು ಅವನು ಚುಚ್ಚಿದ ಜಾಗದಲ್ಲೇ ನೆಟ್ಟಗೆ ನಿಂತಿತ್ತು. ಮೈತುಂಬ ಬೆರಳುದ್ದದ ಚಿಗುರು. ಹಿತ್ತಾಳೆ ಬಳೆಯ ಮೇಲೊಂದು, ಕೆಳಗೊಂದು ಟಿಸಿಲು. ಕೊರ್ನೆಲಿಯುಸ್ ಮೊಣಕಾಲೂರಿ ಕುಳಿತು ಚಿಗುರುಗಳನ್ನು ಅಳತೆಪಟ್ಟಿ ಹಿಡಿದು ಅಳೆಯುತ್ತಿದ್ದ.

“ಆರೋನನ ಕೋಲು,” ಎಂದ ಸಪರಾಲಿ. “ಹನ್ನೆರಡು ಕುಲದವರು ಹನ್ನೆರಡು ಕೋಲು ಇಟ್ರು. ದೇವರು ಪುರೋಹಿತ ಅಂತ ಆರಿಸಿದ ಆರೋನನ ಕೋಲು ಮಾತ್ರ ಚಿಗುರ್ತು. ನಾವು ಹಿರಿಯನ್ನ ತೋರ್ಸು ಅಂತ ಮೂರು ತಿಂಗಳಿಂದ ಪ್ರಾರ್ಥನೆ ಮಾಡ್ತಿದ್ವಿ. ತೋರಿಸಿದಾನೆ.”

“ಅರಣ್ಯಕಾಂಡ, ಹದಿನೇಳನೇ ಅಧ್ಯಾಯ,” ಎಂದು ಇಮಾನ್‌ಕುಲ್ ಬೈಬಲ್ ಓದಿದ ಅಭ್ಯಾಸಬಲದಿಂದ ಹೇಳಿಬಿಟ್ಟ. ಎಲ್ಲರೂ ಅವನತ್ತ ತಿರುಗಿದರು. ಕೋಲು ಯಾರದೆಂದು ಆಗ ಜನಕ್ಕೆ ಹೊಳೆಯಿತು.

ಊರಿನ ಮೊಲ್ಡೊ, ಅಂದರೆ ಮುಲ್ಲಾ, ಎರ್ಗೇಶ್ ಗಂಟಲು ಸರಿಮಾಡಿಕೊಂಡ. ಮೊದಲು ದನದ ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದು, ಮೂರು ವರ್ಷದಿಂದ ಊರಿಗೆ ನಮಾಜು ಮಾಡಿಸುತ್ತಿದ್ದವನು ಅವನು. “ಮೂಸಾ ಪೈಗಂಬರರ ಕೋಲು ಹಾವಾಗಿತ್ತು. ಇದು ಬರೀ ಗಿಡ ಆಗಿದೆ. ಅಲ್ಲಾ ದೊಡ್ಡವನು. ಹಾವಾಗಿದ್ರೆ ವಿಷಕ್ಕೆ ಇಂಜೆಕ್ಷನ್ನು ಎಲ್ಲಿಂದ ತರೋದು?”

ಕೊರ್ನೆಲಿಯುಸ್ ಮಾತ್ರ ಅವಸರಪಡಲಿಲ್ಲ. ಅಳತೆಪಟ್ಟಿ ಮಡಚಿ ಎದ್ದ. “ಚಿಗುರು, ಹೂವು, ಬಾದಾಮಿ ಅಂತ ಮೂರು ಬರೆದಿದೆ. ನಾನು ನೋಡಿದ್ದು ಚಿಗುರು ಒಂದೇ. ಕಾಯೋಣ.”

ಇಮಾನ್‌ಕುಲ್ ಮನೆಗೆ ಬಂದವನು ಊಟ ಮುಟ್ಟಲಿಲ್ಲ. ಸತ್ಯ ಏನೆಂದರೆ ಅವನಿಗೆ ಭಯವಾಗಿತ್ತು. ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆ, ಅದರಲ್ಲಿ ಏನೂ ಇಲ್ಲ. ಆದರೆ ಇದು ಹದಿನೇಳು ವರ್ಷ ಒಲೆಯ ಪಕ್ಕ ಒಣಗಿದ ಕೋಲು. ಅದೂ ಆಕ್ರೋಡು ಮರದ್ದು. ಬಂದಿರುವ ಎಲೆ ಕಾಲುವೆಯ ಬದಿಯಲ್ಲಿ ಬೆಳೆಯುವ ವಿಲೋ ಮರದ್ದು. ಒಣಗಿದ್ದು ಚಿಗುರಿದ್ದೇ ಒಂದು ತಪ್ಪು, ಬೇರೆ ಮರವಾಗಿ ಚಿಗುರಿದ್ದು ಎರಡನೆಯ ತಪ್ಪು. ಅವನು ಸಸ್ಯಶಾಸ್ತ್ರದ ಪುಸ್ತಕ ತೆಗೆದ, ಮುಚ್ಚಿದ. ತನ್ನ ಹಳೆಯ ಭಾಷಣಗಳ ಕಟ್ಟು ಬಿಚ್ಚಿದ. ‘ಪವಾಡಗಳು ಮತ್ತು ಅವುಗಳ ವೈಜ್ಞಾನಿಕ ವಿವರಣೆ’ ಎಂಬಲ್ಲಿ ನಲವತ್ತು ಪವಾಡಗಳಿದ್ದವು. ಇದಿರಲಿಲ್ಲ.

“ಏನಾಗಿದೆ ನಿಮಗೆ, ಗೋಡೆ ನೋಡ್ಕೊಂಡು ಕೂತಿದೀರ,” ಎಂದಳು ಬುರುಲ್ಚಾ.

“ಒಂದು ಲೆಕ್ಕ ತಪ್ತಿದೆ.”

“ಮೂವತ್ತು ವರ್ಷದ್ದಾ, ಇವತ್ತಿನದಾ?”

ಅವನು ಭಾಷಣಗಳ ಕಟ್ಟನ್ನು ಮತ್ತೆ ಕಟ್ಟಿದ. ಅವಳು ಏನೋ ಹೇಳಲು ಬಾಯಿ ತೆರೆದು, ಹಿಟ್ಟು ನಾದಲು ಹೋದಳು.

ವಾರದಲ್ಲಿ ಕೋಲು ಹಳದಿ ಗೊಂಡೆಯ ಹೂವು ಬಿಟ್ಟಿತು. ಮೇಲಿನ ಕೇರಿಯ ಹೆಂಗಸರು ಬಂದು, ಹಳೆಯ ವಾಡಿಕೆಯಂತೆ ಬಿಳಿ ಬಟ್ಟೆಯ ಚೂರು ಕಟ್ಟಿ ಹರಕೆ ಹೊತ್ತರು. ಪೆಲಗೇಯ ಕೆಂಪು ದಾರ ಸುತ್ತಿ, ಬುಡಕ್ಕೆ ಗುಡಿಯಿಂದ ತಂದ ತೀರ್ಥದ ನೀರು ಹೊಯ್ದಳು. ಮಕ್ಕಳಾಗದ ಸೊಸೆಯನ್ನು ಕರೆತಂದ ಜುಮಾಗುಲ್ ಒಣದ್ರಾಕ್ಷಿಯನ್ನೂ ಒಂದು ಹಿಡಿ ಬಾದಾಮಿಯನ್ನೂ ಟಿಸಿಲಿನ ಸಂದಿಯಲ್ಲಿಟ್ಟು ಹೋದಳು. ದ್ರಾಕ್ಷಿಯನ್ನು ಗುಬ್ಬಿಗಳು ತಿಂದವು. ಬಾದಾಮಿ ಅವುಗಳ ಕೊಕ್ಕಿಗೆ ಗಟ್ಟಿಯಾಯಿತು.

ಮಾರನೆಯ ದಿನ ಹೊತ್ತೇರುವಾಗ ಕೊರ್ನೆಲಿಯುಸ್ ಇಮಾನ್‌ಕುಲ್‌ನ ಬಾಗಿಲಿಗೆ ಬಂದ. ಕಪ್ಪು ಕೋಟು, ಕೈಯಲ್ಲಿ ಟೋಪಿ. ಬುರುಲ್ಚಾ ಚಹಾ, ಹಿಟ್ಟು ಕರಿದು ಮಾಡಿದ ಬೊರ್ಸೊಕ್, ಅವನೇ ಕೊಟ್ಟಿದ್ದ ಜೇನು ತಂದಿಟ್ಟಳು. ಅವನು ಮುಟ್ಟಲಿಲ್ಲ.

“ಅಗಾಯ್, ಮೂರೂ ಆಯ್ತು. ನಮ್ಮ ಸಭೆಗೆ ನೀವು ಹಿರಿಯರಾಗಬೇಕು. ಭಾನುವಾರ ಬನ್ನಿ.”

ಇಮಾನ್‌ಕುಲ್‌ಗೆ ಚಹಾ ನೆತ್ತಿಗೇರಿತು. “ಆ ಬಾದಾಮಿ ಓಶ್ ಪೇಟೆಯದು ಕಣಯ್ಯ. ಜುಮಾಗುಲ್ ಇಟ್ಟದ್ದು. ನಾನೇ ಕಣ್ಣಾರೆ ನೋಡಿದೀನಿ.”

“ಎಲ್ಲಿಂದ ಬಂತು ಅಂತ ಬರೆದಿಲ್ಲ. ಕೋಲು ಬಾದಾಮಿ ಹೊತ್ತಿತ್ತು ಅಂತ ಬರೆದಿದೆ. ಹೊತ್ತಿದೆ.”

“ನಾನು ದೇವರನ್ನ ನಂಬಲ್ಲ.”

“ಆರೋನ ಏನು ಮಾಡಿದ್ದ? ಜನ ಕೇಳಿದ್ರು ಅಂತ ಚಿನ್ನದ ಕರು ಎರಕ ಹೊಯ್ದು ಕೊಟ್ಟಿದ್ದ. ನೀವು ಸರ್ಕಾರ ಕೇಳ್ತು ಅಂತ ಭಾಷಣ ಮಾಡಿದ್ರಿ. ಕರುಗಿಂತ ಭಾಷಣ ಚಿಕ್ಕ ಪಾಪ.”

ಇಮಾನ್‌ಕುಲ್ ಮೊದಲ ಬಾರಿಗೆ ಬೈಬಲ್ ವಾದದಲ್ಲಿ ಸೋತ. ಕೊರ್ನೆಲಿಯುಸ್‌ನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಯಾರದೋ ಹೆಣ ಎತ್ತಿ ಬಂದವನ ಹಾಗೆ ಎದ್ದು, ಟೋಪಿ ಹಾಕಿಕೊಂಡು ಹೋದ.

ಬಾಗಿಲು ಮುಚ್ಚಿದ ಮೇಲೆ ಇಮಾನ್‌ಕುಲ್ ಸಣ್ಣ ದನಿಯಲ್ಲಿ ಕೇಳಿದ, “ಬುರುಲ್ಚಾ, ಒಂದು ವೇಳೆ ಇದ್ದಾನೆ ಅಂತ ಇಟ್ಕೋ. ಮೂವತ್ತು ವರ್ಷ ನಾನಂದದ್ದನ್ನೆಲ್ಲ ಕೇಳಿಸ್ಕೊಂಡಿರ್ತಾನಾ?”

ಬುರುಲ್ಚಾ ಕೈ ಒರೆಸಿಕೊಂಡು ಎದುರು ಕುಳಿತಳು. ಗಂಡನನ್ನು ಹೀಗೆ ನೋಡುವುದು ಅವಳಿಂದ ಆಗಲಿಲ್ಲ.

“ಇದ್ದಾನೋ ಇಲ್ವೋ ನನಗೆ ಗೊತ್ತಿಲ್ಲ. ಕೋಲು ಮಾತ್ರ ನಂದು.”

“ಏನು?”

“ಫೆಬ್ರವರಿಯಲ್ಲಿ ಕೆಂಪು ಹಸು ಹಿಟ್ಟಿನ ಡಬ್ಬಕ್ಕೆ ಬಾಯಿ ಹಾಕ್ತು. ಕೈಗೆ ಸಿಕ್ಕಿದ್ದು ನಿಮ್ಮ ಕೋಲು. ಒಂದು ಬಿಟ್ಟೆ, ಎರಡು ತುಂಡಾಯ್ತು. ಒಲೆಗೆ ಹಾಕ್ದೆ. ನೀವು ಗೋಳು ಹೊಯ್ಕೋತೀರ ಅಂತ ಕಾಲುವೆ ಹತ್ರ ಅಷ್ಟೇ ದಪ್ಪದ ವಿಲೋ ಕೊಂಬೆ ಕಡಿದು, ಮಸಿ, ಕುರಿಕೊಬ್ಬು ತಿಕ್ಕಿ ಕಪ್ಪು ಮಾಡಿ, ನಿಮ್ಮ ಹಿತ್ತಾಳೆ ಬಳೆ ಕಿತ್ತು ಅದಕ್ಕೆ ಬಡಿದೆ.”

“ನಾನು ಎರಡು ವಾರ ಅದನ್ನೇ ಹಿಡ್ಕೊಂಡು ಓಡಾಡಿದೆನಾ?”

“ಊರೆಲ್ಲ. ಕೈಗೆ ಮಸಿ ಅಂಟತ್ತೆ ಅಂತ ದಿನಾ ಸೋಪನ್ನ ಬೈಕೊಂಡು.”

ಇಮಾನ್‌ಕುಲ್ ಸೊಂಟದ ನೋವು ಮರೆತು ಎದ್ದ. ಹೆಂಡತಿಯನ್ನು ಎರಡೂ ತೋಳಿನಿಂದ ಬಾಚಿ ತಬ್ಬಿಕೊಂಡ. “ಇಲ್ಲ,” ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು. “ದೇವರಿಲ್ಲ ಕಣೇ.”

“ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಹಗಲು ಹೊತ್ತಲ್ಲಿ ತಬ್ಕೊಂಡ್ರಿ,” ಎಂದಳು ಬುರುಲ್ಚಾ. “ಅದೂ ಇದಕ್ಕೆ.” ಬಿಡಿಸಿಕೊಂಡು ಬೆರಳು ತೋರಿಸಿದಳು. “ಭಾನುವಾರ ಈ ಕಥೆ ಹೇಳೋ ಹಾಗಿಲ್ಲ. ಬುರುಲ್ಚಾ ಗಂಡನ ಬಹುಮಾನದ ಕೋಲನ್ನ ದನಕ್ಕೆ ಹೊಡೆದು ಮುರಿದ್ಲು ಅಂತ ಮೂರು ಊರು ಆಡ್ಕೊಳ್ಳೋದು ಬೇಡ. ನಿಮಗೆ ಅಷ್ಟು ವಿದ್ಯೆ ಇದೆ, ಬೇರೆ ಏನಾದ್ರೂ ಹೇಳಿ ತಪ್ಪಿಸ್ಕೊಳ್ಳಿ.”

ಮಾತು ಕೊಟ್ಟ. ಮೂರು ರಾತ್ರಿ ಟಿಪ್ಪಣಿ ಬರೆದ. ಮೂರು ವರ್ಷದಲ್ಲಿ ಅವನು ಅಷ್ಟು ಚೆನ್ನಾಗಿ ಉಂಡಿರಲಿಲ್ಲ.

ಭಾನುವಾರ ಪ್ರಾರ್ಥನಾ ಮನೆ ಕಿಕ್ಕಿರಿದಿತ್ತು. ಸಭೆಯ ಸದಸ್ಯರು ಹದಿನಾಲ್ಕು ಜನ, ನೋಡಲು ಬಂದವರು ಅರವತ್ತು. ಮೊಲ್ಡೊ ಎರ್ಗೇಶ್ ಒಳಗೆ ಬರುವುದು ಸರಿಯಲ್ಲವೆಂದು ಕಿಟಕಿಯ ಹೊರಗೆ ಸ್ಟೂಲು ಹಾಕಿಕೊಂಡು ಕುಳಿತಿದ್ದ. ಪೆಲಗೇಯ ತನ್ನ ಗುಡಿಗೆ ಹೋಗುವ ಬಸ್ಸು ಬಿಟ್ಟು ಇಲ್ಲಿ ಮುಂದಿನ ಬೆಂಚು ಹಿಡಿದಿದ್ದಳು. ಬುರುಲ್ಚಾ ಹೆಂಗಸರ ಕೊನೆಯ ಸಾಲಿನಲ್ಲಿ ಶಾಲು ಮುಂದಕ್ಕೆಳೆದು ಕುಳಿತಳು. ಕೋಲನ್ನು ಅಗೆದು, ಬುಡಕ್ಕೆ ಒದ್ದೆ ಗೋಣಿ ಸುತ್ತಿ, ಬಕೆಟ್ಟಿನಲ್ಲಿಟ್ಟು ಮೇಜಿನ ಪಕ್ಕ ನಿಲ್ಲಿಸಿದ್ದರು.

ಇಮಾನ್‌ಕುಲ್ ಎದ್ದು ನಿಂತಾಗ ಎದುರಿಗೆ ಎಪ್ಪತ್ತು ಮುಖಗಳಿದ್ದವು. ಗಂಟಲು ತಾನಾಗಿ ಹಳೆಯ ಸ್ಥಾಯಿಗೆ ಹೋಯಿತು. ಆರೋನನ ಕಥೆಯನ್ನು ಮೊದಲಿನಿಂದ ಹೇಳಿದ. ಅರಣ್ಯದ ಸೆಕೆ, ನೀರಿಲ್ಲದ ಜನ, ನಾನೇನು ಕಡಿಮೆ ಎನ್ನುವ ಹನ್ನೆರಡು ಕುಲದ ಯಜಮಾನರು, ಅವರ ಹೊಟ್ಟೆಕಿಚ್ಚು. ಹೆಂಗಸರು ಮೂಗು ಒರೆಸಿಕೊಂಡರು. ಮರಳುಗಾಡಿನ ಡೇರೆಯಲ್ಲಿ ಹನ್ನೆರಡು ಕೋಲುಗಳನ್ನು ಒಂದೊಂದಾಗಿ ಇಟ್ಟದ್ದನ್ನು ಎರಡೂ ಕೈಯಲ್ಲಿ ಇಟ್ಟು ತೋರಿಸಿದಾಗ ಕಿಟಕಿಯಾಚೆ ಮೊಲ್ಡೊ ಸ್ಟೂಲಿನ ಮೇಲೆ ನಿಂತುಬಿಟ್ಟ. ಕಾಲು ಗಂಟೆಯ ಬಳಿಕ ಇಮಾನ್‌ಕುಲ್ ತನ್ನ ಬಾಣ ತೆಗೆದ.

“ಈಗ ಒಂದು ಮಾತು ಗಮನಿಸಿ. ಬರೀ ಕೋಲು ಇಟ್ರೆ ಆಗಲ್ಲ. ಒಬ್ಬೊಬ್ಬರ ಕೋಲಿನ ಮೇಲೂ ಅವರವರ ಹೆಸರು ಬರೆದಿರಬೇಕು ಅಂತ ಎರಡನೇ ವಾಕ್ಯದಲ್ಲೇ ಇದೆ. ಆರೋನನ ಹೆಸರು ಆ ಕೋಲಿನ ಮೇಲೆ ಬರೆದಿತ್ತು. ಹೆಸರಿಲ್ಲದ ಕೋಲು ಚಿಗುರಿದ್ರೆ ಅದು ಬೇಲಿ. ಸೋದರ ಕೊರ್ನೆಲಿಯುಸ್, ನೀನು ಬರೆದದ್ದನ್ನ ಬರೆದ ಹಾಗೆ ಓದೋನು. ಹೌದೋ ಅಲ್ವೋ?”

“ಹೌದು,” ಎಂದ ಕೊರ್ನೆಲಿಯುಸ್. ಅವನು ಎದ್ದು ಬಂದು, ಕನ್ನಡಕ ಹಾಕಿಕೊಂಡು, ಬಕೆಟ್ಟಿನ ಕಡೆ ಬಾಗಿದ. ಹಿತ್ತಾಳೆಯ ಬಳೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಎಲ್ಲರಿಗೂ ಕೇಳುವ ಹಾಗೆ ನಿಧಾನವಾಗಿ ಓದಿದ: “ಕಾಮ್ರೇಡ್ ಇ. ತೆಲ್ತಾಯೆವ್‌ಗೆ. ಮೂಢನಂಬಿಕೆಯ ವಿರುದ್ಧದ. ದಣಿವರಿಯದ ಹೋರಾಟಕ್ಕಾಗಿ.”

ಸಪರಾಲಿ ಮೊಣಕಾಲೂರಿದ.

ಹದಿನೇಳು ವರ್ಷ ಹೆಮ್ಮೆಯಿಂದ ಉಜ್ಜಿ ಹೊಳೆಸಿದ ಆ ಬಳೆಯನ್ನು ಇಮಾನ್‌ಕುಲ್ ಪೂರ್ತಿ ಮರೆತಿದ್ದ. ಟಿಪ್ಪಣಿಯ ಹಾಳೆ ತಿರುಗಿಸಿದ, ಹಿಂದೆ ಏನೂ ಇರಲಿಲ್ಲ. ಕೊನೆಯ ಸಾಲಿನತ್ತ ನೋಡಿದ. ನೋಡಬಾರದಿತ್ತು, ಮಾತು ಕೊಟ್ಟಿದ್ದ. ಆದರೂ ಕಣ್ಣು ಹೋಯಿತು.

ಬುರುಲ್ಚಾ ಶಾಲು ಹಿಂದಕ್ಕೆ ತಳ್ಳಿ ಎದ್ದಳು. “ಕೂತ್ಕೊಳ್ಳಿ ನೀವು, ಸೊಂಟ ನೋಯತ್ತೆ,” ಎಂದಳು ಗಂಡನಿಗೆ. ಆಮೇಲೆ ಹಸು, ಹಿಟ್ಟಿನ ಡಬ್ಬ, ಒಲೆ, ವಿಲೋ ಕೊಂಬೆ, ಮಸಿ, ಕುರಿಕೊಬ್ಬು, ಬಳೆ, ಯಾವುದನ್ನೂ ಬಿಡದೆ ಒಂದೇ ಉಸಿರಿನಲ್ಲಿ ಹೇಳಿ ಕುಳಿತಳು. “ನಗೋರು ನಗಬಹುದು,” ಎಂದು ಕೊನೆಗೆ ಸೇರಿಸಿದಳು.

ಯಾರೂ ನಗಲಿಲ್ಲ. ಅದೇ ಕಷ್ಟವಾದದ್ದು.

ಸಪರಾಲಿ ಮೊಣಕಾಲಿನ ಮೇಲಿದ್ದವನು ತಲೆಯೆತ್ತಿದ. “ಅಷ್ಟು ದೊಡ್ಡ ಕಾಲುವೆಯಲ್ಲಿ ಆ ಕೊಂಬೇನೇ ಕಡೀಬೇಕು ಅಂತ ಬುರುಲ್ಚಾ ಅಕ್ಕನ ಕೈ ನಡೆಸಿದೋರು ಯಾರು?”

“ಹಸು,” ಎಂದಳು ಬುರುಲ್ಚಾ.

“ಹಸುನ ಕಳ್ಸಿದೋರು ಯಾರು?”

“ಜಿನ್ನು ಇರಬಹುದು. ಕೆಂಪು ಹಸುಗೆ ಜಿನ್ನು ಹತ್ತೋದು ಜಾಸ್ತಿ,” ಎಂದ ಕಿಟಕಿಯಿಂದ ಮೊಲ್ಡೊ, ತನ್ನ ಹಳೆಯ ಕಸುಬಿನ ಅನುಭವದಿಂದ. “ಆದ್ರೆ ಬಟ್ಟೆ ಕಟ್ಟಿದ ಹೆಂಗಸರ ಹರಕೆ ಸುಳ್ಳಾಗಲ್ಲ. ಹರಕೆ ಕೋಲಿಗಲ್ಲ, ಅಲ್ಲಾಗೆ.”

ಪೆಲಗೇಯ ಮುಂದಿನ ಬೆಂಚಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತಳು. “ಕೋಲು ಬಿಡಿ. ಎಪ್ಪತ್ತು ಜನದ ಮುಂದೆ ತಪ್ಪು ಒಪ್ಕೊಂಡು, ಸಿಕ್ಕಿಬಿದ್ದ ಗಂಡನ್ನ ಹೆಂಡತಿ ಬಿಡಿಸಿದ್ಲು. ನನ್ನ ಜನ್ಮದಲ್ಲಿ ನಾನು ಕಂಡ ಪವಾಡ ಇದು ಒಂದೇ. ನಾನಾಗಿದ್ರೆ ನಮ್ಮ ಸ್ಟೆಪಾನ್‌ನ ಅಲ್ಲೇ ಬಿಡ್ತಿದ್ದೆ.”

ಆಗ ನಗು ಬಂತು. ಮೊದಲು ಹೆಂಗಸರ ಕಡೆಯಿಂದ, ಆಮೇಲೆ ಎಲ್ಲ ಕಡೆಯಿಂದ. ಸಪರಾಲಿ ಎದ್ದು ಮೊಣಕಾಲ ಧೂಳು ಕೊಡವಿ, ಹಿರಿಯನನ್ನು ಇವತ್ತೇ ಕೈಯೆತ್ತಿ ಆರಿಸಿಬಿಡೋಣ, ಕೋಲಿನ ಸಹವಾಸ ಸಾಕು ಎಂದ. ಹದಿನಾಲ್ಕು ಜನರಲ್ಲಿ ಹದಿಮೂರು ಕೈ ಕೊರ್ನೆಲಿಯುಸ್‌ಗೆ ಎದ್ದವು. ಸಪರಾಲಿಯದೂ ಅದರಲ್ಲಿತ್ತು. ಕೈಯೆತ್ತದವನು ಕೊರ್ನೆಲಿಯುಸ್ ಒಬ್ಬನೇ.

ಜನ ಕರಗಿದ ಮೇಲೆ ಇಮಾನ್‌ಕುಲ್ ಹೊರಗೆ ಬಂದ. ಕೊರ್ನೆಲಿಯುಸ್ ಕಾಲುವೆಯ ದಂಡೆಯಲ್ಲಿ ಮಂಡಿಯೂರಿ ವಿಲೋ ಗಿಡವನ್ನು ಹಳೆಯ ಗುಂಡಿಗೇ ನೆಟ್ಟು ಮಣ್ಣು ಒತ್ತುತ್ತಿದ್ದ. ಹಿತ್ತಾಳೆ ಬಳೆಯನ್ನು ಬಿಚ್ಚಿ ಪಕ್ಕದ ಕಲ್ಲಿನ ಮೇಲಿಟ್ಟಿದ್ದ.

“ಹಿರಿಯನಾದೆ, ಮುಖ ಯಾಕೆ ಹಾಗಿದೆ?” ಎಂದ ಇಮಾನ್‌ಕುಲ್.

ಕೊರ್ನೆಲಿಯುಸ್ ಬುಡದ ಮಣ್ಣನ್ನು ಇನ್ನೊಮ್ಮೆ ಒತ್ತಿದ. “ಬಂದು ನೆಲೆಸಬಹುದು ಅಂತ ಜರ್ಮನಿಯಿಂದ ಕಾಗದ ಬಂದಿದೆ. ನನಗೂ ಹೆಂಡ್ತಿ ಅಗಾಥಾಗೂ. ಜನವರಿಯಲ್ಲೇ. ನನ್ನ ಹಿರಿಯನಾಗಿ ಆರಿಸಿದ್ರೆ ಇಲ್ಲೇ ಇರ್ತೀನಿ, ಬೇರೆಯವರನ್ನ ಆರಿಸಿದ್ರೆ ಹೊರಡ್ತೀನಿ, ನೀನೇ ಹೇಳು ಅಂತ ದೇವರನ್ನ ಕೇಳಿದ್ದೆ. ನಿಮ್ಮ ಹೆಸರಿನ ಕೋಲು ಚಿಗುರ್ತು. ಸರಿ, ಹೊರಡು ಅಂದ ಅಂತ ತಿಳ್ಕೊಂಡೆ. ಅಗಾಥಾ ಪೆಟ್ಟಿಗೆ ತುಂಬಿದ್ಲು. ಇವತ್ತು ನೋಡಿದ್ರೆ ಕೋಲು ನಿಮ್ಮ ಹೆಂಡ್ತಿದು. ಕೈ ಎತ್ತಿದ್ದು ನನಗೆ. ಈಗ ಎರಡು ಸೂಚನೆ ಇದೆ, ಒಂದಕ್ಕೊಂದು ಉಲ್ಟಾ. ಯಾವುದನ್ನ ಬರೆದ ಹಾಗೆ ಓದಲಿ?”

“ನಿನಗೇನು ಆಸೆ ಅಂತ ಕೇಳ್ಕೊಂಡ್ಯಾ?”

“ಅದನ್ನ ಕೇಳೋ ಅಭ್ಯಾಸ ಇಲ್ಲ.”

ಇಮಾನ್‌ಕುಲ್ ಕಲ್ಲಿನ ಮೇಲಿದ್ದ ಬಳೆಯನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ಕುಳಿತ. ಕಾಲುವೆಯ ನೀರು ಬೆಟ್ಟದ ಹಿಮ ಕರಗಿ ಕಲಕಿಕೊಂಡು ಓಡುತ್ತಿತ್ತು.

“ಆ ಲೇಖನ ನಾನು ಬರೀಬಾರದಿತ್ತು,” ಎಂದ. “ಸ್ಪ್ಯಾನರಿನದು.”

“ಅದನ್ನ ಬರೀದೆ ಇದ್ದಿದ್ರೆ ನನಗೆ ಜೇನು ಸಿಗ್ತಿರಲಿಲ್ಲ. ಯೋಸೇಫನ್ನ ಅಣ್ಣಂದಿರು ಮಾರಿದ್ದಕ್ಕೆ ತಾನೆ ಅವನು ಈಜಿಪ್ಟಿನಲ್ಲಿ ದೊಡ್ಡೋನಾಗಿದ್ದು? ನಿಮಗೆ ಪ್ರತಿ ವರ್ಷ ಜಾಡಿ ಯಾಕೆ ಕಳಿಸ್ತಿದ್ದೆ ಅಂದ್ಕೊಂಡ್ರಿ?”

“ಪ್ರಚಾರ ಅಂದ್ಕೊಂಡಿದ್ದೆ.”

“ಜೇನು ಅದು.”

ಇಮಾನ್‌ಕುಲ್ ನೀರನ್ನೇ ನೋಡುತ್ತ ಹೇಳಿದ, “ಹೋಗ್ಬೇಡ ಕೊರ್ನೆಲಿಯುಸ್. ನೀನು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಸಪರಾಲಿ ಎಲ್ಲದಕ್ಕೂ ಹೌದು ಅಂತಾನೆ. ಮೊಲ್ಡೊ ಎಲ್ಲ ಹಸುಗೆ ತಂದು ನಿಲ್ಲಿಸ್ತಾನೆ.”

ಕೊರ್ನೆಲಿಯುಸ್ ಕೈಯ ಮಣ್ಣು ಕೊಡವಿ ಎದ್ದ.

“ಇದನ್ನ ದೇವರ ಮಾತು ಅಂತ ತಗೋಬಹುದಾ ಅಂತ ಯೋಚಿಸ್ತಿದೀನಿ.”

“ದೇವರೇ ಇಲ್ಲ ಅಂತ ಹೇಳೋನ ಬಾಯಿಂದ?”

“ಬಿಳಾಮನಿಗೆ ದಾರಿ ತೋರಿಸ್ಬೇಕಾದಾಗ ದೇವರು ಅವನ ಕತ್ತೆ ಬಾಯಿಂದ ಮಾತಾಡಿ ಹೇಳಿದ್ದ. ಬರೆದಿದೆ.”

ಇಮಾನ್‌ಕುಲ್ ತಲೆಯೆತ್ತಿದ. “ಕತ್ತೆ ಅಂದ್ಯಾ ನನ್ನ?”

“ಬರೆದದ್ದು ಹೇಳ್ದೆ. ಹೆಸರು ಹೇಳ್ಲಿಲ್ಲ.”

ಆವತ್ತು ಸಂಜೆ ಅಗಾಥಾ ಪೆಟ್ಟಿಗೆಯಿಂದ ತಟ್ಟೆಗಳನ್ನು ಮತ್ತೆ ಹೊರಗೆ ತೆಗೆದಳು. ಅವನ್ನು ಜೋಡಿಸುವ ಮೊದಲೇ ಹಿಟ್ಟು ಜರಡಿ ಹಿಡಿದು, ಒಂದು ಇಡೀ ಕೇಕು ಬೇಯಿಸಿ ಬುರುಲ್ಚಾಳಿಗೆ ಕಳಿಸಿಕೊಟ್ಟಳು. ಈ ವರ್ಷ ಬರಲಾಗುವುದಿಲ್ಲವೆಂದು ಕೊರ್ನೆಲಿಯುಸ್ ಜರ್ಮನಿಯ ತಂಗಿಗೆ ಪತ್ರ ಬರೆದ. ಕಾರಣ ಕೇಳಿದರೆ ಹೇಗೆ ವಿವರಿಸುವುದೆಂದು ತಿಳಿಯದೆ, ಜೇನಿನ ಕೆಲಸ ಜಾಸ್ತಿ ಇದೆ ಎಂದು ಮುಗಿಸಿದ.

ಜೂನ್ ಮೊದಲ ವಾರ ಗೂಡುಗಳನ್ನೆಲ್ಲ ಸಪರಾಲಿಯ ಹಳೆಯ ಲಾರಿಗೆ ಹೇರಿ ಬೆಟ್ಟದ ಹುಲ್ಲುಗಾವಲಿಗೆ ಒಯ್ದರು. ಮೇಲಿನ ಗಾಳಿ ಸೊಂಟಕ್ಕೆ ಒಳ್ಳೆಯದೆಂಬ ನೆವ ಹೇಳಿ ಇಮಾನ್‌ಕುಲ್‌ನೂ ಹತ್ತಿ ಕುಳಿತ. ಊರು ದಾಟುವ ಮೊದಲೇ ಯೋನನನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಉಸಿರಾಡಲು ಗಾಳಿ ಎಲ್ಲಿತ್ತು ಎಂಬ ಪ್ರಶ್ನೆ ಎದ್ದಿತು. ಮೂರು ದಿನಕ್ಕೆ ಎಷ್ಟು ಗಾಳಿ ಬೇಕೆಂದು ಒಬ್ಬ ಬೆರಳು ಎಣಿಸಿದ. ಮೀನು ಎಷ್ಟು ದೊಡ್ಡದೆಂದು ಬರೆದಿಲ್ಲವಲ್ಲ ಎಂದು ಇನ್ನೊಬ್ಬ ಪಟ್ಟು ಹಿಡಿದ. ಕಡಿದಾದ ತಿರುವು ಬಂದಾಗ ಸಪರಾಲಿ ಲಾರಿ ನಿಧಾನ ಮಾಡಿ, “ಇಬ್ಬರೂ ಒಂದು ನಿಮಿಷ ಸುಮ್ನಿರಿ, ಇಲ್ಲಿ ನಾನು ಪ್ರಾರ್ಥನೆ ಮಾಡ್ಬೇಕು,” ಎಂದ.

“ಮಾಡಪ್ಪಾ,” ಎಂದ ಇಮಾನ್‌ಕುಲ್, ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು. “ಕಣ್ಣು ಬಿಟ್ಕೊಂಡು ಮಾಡು.”